ಬಲೆಯ ಕಣ್ಣು ಹರಿದಿದೆಯೇ? ಚರ್ಮದ ಮೇಲಿನ ನೇರಳೆ ಜಾಲವನ್ನು ಓದುವ ಬಗೆ

ತೊಡೆ, ಮೊಣಕಾಲು, ಮುಂದೋಳುಗಳ ಮೇಲೆ ಮೀನಿನ ಬಲೆ ಹಾಸಿದಂತೆ ನೇರಳೆ ಗೆರೆಗಳು ಕಂಡಾಗ ಚರ್ಮರೋಗವೆಂದುಕೊಂಡು ಮುಲಾಮು ಹಚ್ಚುವವರೇ ಹೆಚ್ಚು. ತಿಂಗಳುಗಟ್ಟಲೆ ಹಚ್ಚಿದರೂ ಗೆರೆ ಹೋಗುವುದಿಲ್ಲ, ಏಕೆಂದರೆ ಚರ್ಮಕ್ಕೆ ಏನೂ ಆಗಿಲ್ಲ. ತುರಿಕೆಯಿಲ್ಲ, ಹೊಟ್ಟು ಏಳುವುದಿಲ್ಲ, ಬೆರಳಾಡಿಸಿದರೆ ಉಬ್ಬೂ ಸಿಗುವುದಿಲ್ಲ. ಬಣ್ಣ ಬದಲಾಗಿರುವುದು ಅದರ ಕೆಳಗೆ ಹರಿಯುವ ರಕ್ತದ್ದು. ಇದಕ್ಕೆ ವೈದ್ಯಕೀಯದಲ್ಲಿ ಲಿವಿಡೋ ಎಂದು ಹೆಸರು. ಇದು ಕಾಯಿಲೆಯ ಹೆಸರಲ್ಲ, ಕುರುಹಿನ ಹೆಸರು. ಚಳಿಗೆ ನಡುಗುವ ಆರೋಗ್ಯವಂತರ ಕಾಲಲ್ಲೂ ಅದು ಕಾಣುತ್ತದೆ, ಮುಂದೆ ಪಾರ್ಶ್ವವಾಯುವಿಗೆ ತುತ್ತಾಗಲಿರುವ ಮೂವತ್ತರ ಹೆಣ್ಣುಮಗಳ ಕಾಲಲ್ಲೂ ಕಾಣುತ್ತದೆ. ಇವೆರಡನ್ನು ಬೇರೆ ಮಾಡುವುದಕ್ಕೆ ಸ್ಕ್ಯಾನಿಗಿಂತ ಮೊದಲು ಕಣ್ಣು ಬೇಕು.

ಬಲೆಯ ಆಕಾರ ಎಲ್ಲಿಂದ ಬಂತು ಎಂಬುದು ತಿಳಿದರೆ ಮುಂದಿನದೆಲ್ಲ ಸುಲಭ. ಚರ್ಮದಡಿಯ ಕೊಬ್ಬಿನ ಪದರದಿಂದ ಕಿರು ಅಪಧಮನಿಗಳು ನೆಟ್ಟಗೆ ಮೇಲೇರುತ್ತವೆ. ಒಂದೊಂದೂ ಮೇಲಕ್ಕೆ ಬಂದಂತೆ ಕವಲೊಡೆದು, ಕೊಡೆ ಬಿಚ್ಚಿದ ಹಾಗೆ ಹರಡಿ, ಸುಮಾರು 1ರಿಂದ 3 ಸೆಂ.ಮೀ. ಅಗಲದ ಚರ್ಮಕ್ಕೆ ರಕ್ತ ಕೊಡುತ್ತದೆ. ಕೊಡೆಯ ನಡುವೆ ಆಮ್ಲಜನಕ ತುಂಬಿದ ಕೆಂಪು ರಕ್ತ ಬಂದು ಬೀಳುತ್ತದೆ. ಎರಡು ಕೊಡೆಗಳ ಅಂಚು ಸೇರುವಲ್ಲಿ ಅಭಿಧಮನಿಗಳ ಜಾಲ ದಟ್ಟ, ಹರಿವು ಮಂದ. ಒಳಬರುವ ರಕ್ತ ಕಡಿಮೆಯಾದರೂ ಸರಿ, ಹೊರಹೋಗುವ ರಕ್ತ ನಿಧಾನವಾದರೂ ಸರಿ, ಅಂಚಿನ ರಕ್ತ ಆಮ್ಲಜನಕ ಕಳೆದುಕೊಂಡು ನೀಲಿಗಪ್ಪಾಗುತ್ತದೆ. ಅಂಚುಗಳೆಲ್ಲ ಸೇರಿ ಬಲೆಯಾಗುತ್ತವೆ, ಕೊಡೆಗಳ ನಡುಭಾಗ ಬಲೆಯ ಕಣ್ಣಾಗಿ ಉಳಿಯುತ್ತದೆ. ಹಾಗಾಗಿ ತೊಂದರೆ ಇರುವ ನಾಳ ನೇರಳೆ ಗೆರೆಯ ಕೆಳಗಿರುವುದಿಲ್ಲ, ಬಿಳಿಚಿದ ಕಣ್ಣಿನ ಕೆಳಗಿರುತ್ತದೆ. ಬಯಾಪ್ಸಿಯ, ಅಂದರೆ ಚರ್ಮದ ತುಂಡು ತೆಗೆದು ಪರೀಕ್ಷಿಸುವ, ಮಾತು ಬಂದಾಗ ಇದೇ ಸಂಗತಿ ಮತ್ತೆ ಎದುರಾಗುತ್ತದೆ.

ಈಗ ಮುಖ್ಯ ಪ್ರಶ್ನೆ. ಬಲೆಯ ಕಣ್ಣುಗಳ ಸುತ್ತಿನ ಗೆರೆ ಪೂರ್ತಿ ಕೂಡಿಕೊಂಡಿದೆಯೇ, ನಡುವೆ ಹರಿದಿದೆಯೇ?

ಇಡೀ ಅಂಗಕ್ಕೆ ಒಂದೇ ಸಮನಾಗಿ ಚಳಿ ತಾಗಿದರೆ ಎಲ್ಲ ನಾಳಗಳೂ ಒಟ್ಟಿಗೆ ಕುಗ್ಗುತ್ತವೆ. ಬಲೆ ಅಚ್ಚುಕಟ್ಟಾಗಿ, ಎರಡೂ ಕಾಲುಗಳಲ್ಲಿ ಒಂದೇ ತೆರನಾಗಿ, ಒಂದು ಕಣ್ಣೂ ಹರಿಯದೆ ಮೂಡುತ್ತದೆ. ಇದು ಲಿವಿಡೋ ರೆಟಿಕ್ಯುಲಾರಿಸ್. ಅಲ್ಲೊಂದು ಇಲ್ಲೊಂದು ನಾಳ ಹೆಪ್ಪಿನಿಂದಲೋ ಉರಿಯೂತದಿಂದಲೋ ಕಟ್ಟಿಕೊಂಡರೆ ಕೆಲವು ಕೊಡೆಗಳು ಮಾತ್ರ ಕೆಡುತ್ತವೆ, ಬಲೆ ಹರಿದು ಚಿಂದಿಯಾಗುತ್ತದೆ. ಗೆರೆಗಳು ದಪ್ಪ, ಅಂಕುಡೊಂಕು, ಅರ್ಧಕ್ಕೇ ನಿಂತ ವೃತ್ತಗಳು, ಮಿಂಚಿನ ಕವಲಿನಂಥ ಚಾಚುಗಳು. ಕಾಲಿಗೇ ನಿಲ್ಲದೆ ಪೃಷ್ಠ, ಸೊಂಟ, ಬೆನ್ನು, ತೋಳುಗಳಿಗೂ ಹಬ್ಬುತ್ತವೆ. ಇದು ಲಿವಿಡೋ ರೆಸಿಮೋಸಾ. ಈ ಎರಡನ್ನು ಬೇರೆಯಾಗಿ ನೋಡಬೇಕೆಂದು 1907ರಷ್ಟು ಹಿಂದೆಯೇ ಚರ್ಮವೈದ್ಯ ಸಾಲೊಮನ್ ಎರ್ಮನ್ ತೋರಿಸಿಕೊಟ್ಟಿದ್ದರು. ಆದರೂ ಇಂದಿಗೂ ಎಷ್ಟೋ ಕೇಸ್ ಶೀಟುಗಳಲ್ಲಿ ಎರಡಕ್ಕೂ ‘ಲಿವಿಡೋ’ ಎಂದಷ್ಟೇ ಬರೆದಿರುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದುಬಾರಿ ಸೋಮಾರಿತನ ಅದೇ. ಮೊದಲನೆಯದು ಬಹುಪಾಲು ನಿರಪಾಯಕಾರಿ. ಎರಡನೆಯದು ಕಂಡರೆ, ಹಿಂದೆ ಏನೋ ಇದೆ ಎಂದೇ ಹೊರಡಬೇಕು.

ಪರೀಕ್ಷೆ ಮನೆಯಲ್ಲೇ ಶುರುವಾಗಬಹುದು. ಹಗಲು ಬೆಳಕಿನಲ್ಲಿ ಎರಡೂ ಕಾಲುಗಳನ್ನು ತೊಡೆಯವರೆಗೆ ತೆರೆದು, ನಿಂತು, ಒಂದು ಫೋಟೋ ತೆಗೆಯಿರಿ. ಆಮೇಲೆ ಬೆಚ್ಚಗಿನ ಕೋಣೆಯಲ್ಲಿ ಕಂಬಳಿ ಹೊದ್ದು, ಕಾಲಿನಡಿ ಎರಡು ದಿಂಬಿಟ್ಟು, 15–20 ನಿಮಿಷ ಮಲಗಿ ಅದೇ ಬೆಳಕಿನಲ್ಲಿ ಇನ್ನೊಂದು ಫೋಟೋ. ಬಲೆ ಪೂರ್ತಿ ಅಳಿಸಿಹೋದರೆ ಅದು ಚಳಿಯ ಆಟ. ಮಸುಕಾಗಿಯೂ ಉಳಿದರೆ, ಅದರಲ್ಲೂ ಹರಿದ ಗೆರೆಗಳು ಉಳಿದರೆ, ವೈದ್ಯರಿಗೆ ತೋರಿಸಬೇಕು. ಆಮೇಲೆ ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಗೆರೆಯ ಮೇಲೆ ಒತ್ತಿ ನೋಡಿ. ಬಣ್ಣ ಮಾಯವಾದರೆ ರಕ್ತ ಇನ್ನೂ ನಾಳದೊಳಗಿದೆ. ಒತ್ತಿದರೂ ನೇರಳೆ ಹಾಗೇ ಇದ್ದರೆ ರಕ್ತ ನಾಳದಾಚೆ ಸೋರಿದೆ. ಕವಲೊಡೆದ ಆಕಾರದಲ್ಲಿ ಹೀಗೆ ರಕ್ತ ಸೋರಿದ್ದಕ್ಕೆ ರೆಟಿಫಾರ್ಮ್ ಪರ್ಪ್ಯುರಾ ಎನ್ನುತ್ತಾರೆ. ನಾಳ ಪೂರ್ತಿ ಮುಚ್ಚಿ ಚರ್ಮ ಸಾಯುತ್ತಿದೆ ಎಂಬುದರ ಗುರುತು ಅದು, ಅಂದೇ ಆಸ್ಪತ್ರೆಗೆ ಹೋಗುವ ವಿಷಯ. ಕಾಲು ಬೆಚ್ಚಗಾಗಲೆಂದು ಕುದಿನೀರಿಗೆ ಮಾತ್ರ ಇಳಿಸಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ.

ಕಪ್ಪು ಮೈಬಣ್ಣದವರಲ್ಲಿ ಪುಸ್ತಕದ ಚಿತ್ರಗಳಲ್ಲಿರುವ ನೇರಳೆ ಕಾಣುವುದಿಲ್ಲ. ಕಂದು, ಬೂದಿ, ಕೆಲವೊಮ್ಮೆ ಮಣ್ಣು ಮೆತ್ತಿದಂಥ ಛಾಯೆ ಇರುತ್ತದೆ. ಟ್ಯೂಬ್‌ಲೈಟಿನಡಿ ಅದೂ ಕರಗಿಹೋಗುತ್ತದೆ. ರೋಗಿಯನ್ನು ಕಿಟಕಿಯ ಪಕ್ಕ ನಿಲ್ಲಿಸಿ ತೊಡೆಯ ಒಳಬದಿ, ಪಾದದ ಅಂಚು, ಅಂಗೈ, ಅಂಗಾಲುಗಳನ್ನು ನೋಡಬೇಕು. ರೋಗಿ ಪರೀಕ್ಷೆಯ ಮಂಚದ ಮೇಲೆ ಮಲಗಿದ್ದಾಗ ಮಾತ್ರ ನೋಡಿ ‘ಏನೂ ಇಲ್ಲ’ ಎಂದು ಬರೆಯುವುದೂ ತಪ್ಪೇ. ನಿಂತಾಗ ಬಲೆ ಗಾಢವಾಗುತ್ತದೆ.

ಇದನ್ನೇ ಹೋಲುವ ಇನ್ನೊಂದು ಬಲೆ ಇದೆ, ಅದಕ್ಕೆ ಕಾರಣ ಚಳಿಯಲ್ಲ, ಶಾಖ. ತೊಡೆಯ ಮೇಲೆ ಗಂಟೆಗಟ್ಟಲೆ ಲ್ಯಾಪ್‌ಟಾಪ್, ಸೊಂಟ ನೋವಿಗೆ ದಿನಾ ಬಿಸಿನೀರಿನ ಚೀಲ, ಕಾಲ ಬಳಿಯೇ ಹೀಟರ್. ಸುಡುವಷ್ಟು ಬಿಸಿಯಲ್ಲದ, ಸುಮಾರು 43ರಿಂದ 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದೇ ಜಾಗಕ್ಕೆ ವಾರಗಟ್ಟಲೆ ಬಿದ್ದರೆ ಮೊದಲು ಕೆಂಪು ಜಾಲ, ಆಮೇಲೆ ಒತ್ತಿದರೂ ಹೋಗದ ಕಂದು ಜಾಲ ಉಳಿಯುತ್ತದೆ. ಹೆಸರು ಎರಿಥೀಮಾ ಆಬ್ ಇಗ್ನೆ. ಶಾಖದ ಮೂಲ ಎಷ್ಟು ಅಗಲವೋ ಕಲೆಯೂ ಅಷ್ಟೇ ಅಗಲ, ಅದೇ ಅದನ್ನು ಹಿಡಿದುಕೊಡುವ ಸುಳಿವು. ಶಾಖ ನಿಲ್ಲಿಸಿದರೆ ತಿಂಗಳುಗಳಲ್ಲಿ ಮಾಸುತ್ತದೆ, ಹಳೆಯದಾದರೆ ಉಳಿದೂಬಿಡಬಹುದು. ವರ್ಷಗಟ್ಟಲೆ ಶಾಖ ತಿಂದ ಚರ್ಮದಲ್ಲಿ ಒಣಗದ ಹುಣ್ಣೋ ಗಂಟೋ ಎದ್ದರೆ ಕ್ಯಾನ್ಸರಿಗಾಗಿ ಪರೀಕ್ಷಿಸಬೇಕು. ಚಳಿಯ ಬಲೆ ಓಡಿಸಲು ಬಿಸಿಚೀಲ ಇಟ್ಟುಕೊಂಡು ಶಾಖದ ಬಲೆ ತಂದುಕೊಳ್ಳುವುದೂ ಉಂಟು! ಆಗ ಎರಡು ಬಲೆಗಳು ಒಂದರ ಮೇಲೊಂದು ಕೂತು ನೋಡುವವರನ್ನು ಗೊಂದಲಕ್ಕೆ ಕೆಡಹುತ್ತವೆ.

ಔಷಧಗಳ ಪಟ್ಟಿಯನ್ನು ಕೇಳದೆ ರಕ್ತಪರೀಕ್ಷೆ ಬರೆಯಬಾರದು. ಮೊದಲ ಆರೋಪಿ ಅಮಾಂಟಡೀನ್, ಪಾರ್ಕಿನ್ಸನ್ ಕಾಯಿಲೆಯವರಿಗೆ ಕೊಡುವ ಮಾತ್ರೆ. ಕಾಲುಗಳಲ್ಲಿ ಅಚ್ಚುಕಟ್ಟಾದ ಬಲೆ, ಜೊತೆಗೆ ಹಿಮ್ಮಡಿಗಂಟಿನ ಬಳಿ ಊತ, ಇದರ ಸಾಮಾನ್ಯ ಜೋಡಿ. ಮಾತ್ರೆ ನಿಲ್ಲಿಸಿದ ಮೇಲೆ ವಾರಗಳಲ್ಲಿ ಹೋಗುತ್ತದೆ. ಆದರೆ ರೋಗಿ ತಾನಾಗಿಯೇ ತಟ್ಟನೆ ನಿಲ್ಲಿಸುವಂತಿಲ್ಲ, ಹಾಗೆ ಮಾಡಿದರೆ ಮೈ ಬಿಗಿತ ಹೆಚ್ಚಿ ಜ್ವರ, ಗೊಂದಲದವರೆಗೂ ಹೋಗಬಹುದು. ಬಲೆ ಕಣ್ಣಿಗೆ ಬಿಟ್ಟರೆ ಬೇರೇನಕ್ಕೂ ತೊಂದರೆ ಕೊಡದಿದ್ದರೆ, ಮಾತ್ರೆಯಿಂದ ಆಗುತ್ತಿರುವ ಉಪಯೋಗ ನೋಡಿ ಮುಂದುವರಿಸುವುದೂ ಸರಿಯೇ. ಮಿನೋಸೈಕ್ಲಿನ್, ಜೆಮ್ಸಿಟಾಬಿನ್, ಇಂಟರ್‌ಫೆರಾನ್‌ಗಳ ಹೆಸರೂ ಈ ಪಟ್ಟಿಯಲ್ಲಿದೆ. ಐಸಿಯುವಿನಲ್ಲಿ ರಕ್ತದೊತ್ತಡ ಏರಿಸಲು ಕೊಡುವ ನಾರ್ಅಡ್ರಿನಲಿನ್ ಕೂಡ ನಾಳಗಳನ್ನು ಹಿಂಡಿ ಬಲೆ ಮೂಡಿಸುತ್ತದೆ.

ಇನ್ನು ಹರಿದ ಬಲೆ. ಇಲ್ಲಿ ಎಲ್ಲಕ್ಕಿಂತ ಮೊದಲು ನೆನಪಾಗಬೇಕಾದದ್ದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಮತ್ತು ಸಂಗಡಿಗರು ಇದಕ್ಕೊಂದು ಸ್ಪಷ್ಟ ರೂಪ ಕೊಟ್ಟರು. ದೇಹವೇ ತಯಾರಿಸುವ ಕೆಲವು ಪ್ರತಿಕಾಯಗಳಿಂದ ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತದೆ. ಕಾಲಿನ ಅಭಿಧಮನಿಯಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ, ಬಸುರಿಯ ಮಾಸಿನಲ್ಲಿ. ಯುರೋಪಿನ ಸಾವಿರ ರೋಗಿಗಳನ್ನು ಸೇರಿಸಿದ ದೊಡ್ಡ ಅಧ್ಯಯನವೊಂದರಲ್ಲಿ ಸುಮಾರು ಕಾಲುಭಾಗ ಜನರಿಗೆ ಲಿವಿಡೋ ಇತ್ತು. ಈ ಕಾಯಿಲೆಯ 2006ರ ವರ್ಗೀಕರಣದ ಮಾನದಂಡಗಳಲ್ಲಿ ಚರ್ಮದ ಬಲೆಗೆ ಜಾಗವೇ ಇರಲಿಲ್ಲ. 2023ರ ಹೊಸ ಮಾನದಂಡ ಅದಕ್ಕೆ ಅಂಕ ಕೊಟ್ಟಿತು, ಆದರೆ ಹರಿದ ಬಲೆಗೆ, ಅಂದರೆ ರೆಸಿಮೋಸಾಕ್ಕೆ ಮಾತ್ರ. ಎರ್ಮನ್ ಹೇಳಿದ್ದು ಕಾಗದಕ್ಕಿಳಿಯಲು ಶತಮಾನ ದಾಟಬೇಕಾಯಿತು.

ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ. ಗರ್ಭ ಹತ್ತು ವಾರ ದಾಟಿದ ಮೇಲೆ ಹೋಗಿತ್ತೇ? ಕಾಲು ಊದಿಕೊಂಡು ಹೆಪ್ಪು ಎಂದಿದ್ದರೇ? ಅರ್ಧ ತಲೆನೋವು, ಕ್ಷಣಕಾಲ ಕಣ್ಣು ಕತ್ತಲಿಡುವುದು, ಮಾತು ತೊದಲಿ ಸರಿಹೋದದ್ದು? ಹಳೆಯ ರಿಪೋರ್ಟುಗಳಲ್ಲೂ ಸುಳಿವು ಅಡಗಿರುತ್ತದೆ. ಪ್ಲೇಟ್‌ಲೆಟ್ ಎಣಿಕೆ ಸ್ವಲ್ಪ ಕಡಿಮೆ, ಕಾರಣ ಸಿಗದೆ ಬಿಟ್ಟದ್ದು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಎಪಿಟಿಟಿ ಉದ್ದವಾಗಿದ್ದು, ರಕ್ತ ತೆಳುವೆಂದು ತಪ್ಪಾಗಿ ಓದಿದ್ದು. ಪರೀಕ್ಷಾನಳಿಕೆಯಲ್ಲಿ ಹೆಪ್ಪುಗಟ್ಟಲು ತಡವಾಗುವ ಈ ರಕ್ತ ಮೈಯೊಳಗೆ ಬೇಗ ಹೆಪ್ಪುಗಟ್ಟುತ್ತದೆ, ಇದೊಂದು ವಿಚಿತ್ರ. ಬಸುರಿನಲ್ಲಿ ಸಿಫಿಲಿಸ್ ಪತ್ತೆಗೆ ಮಾಡಿದ ವಿಡಿಆರ್‌ಎಲ್ ಸುಳ್ಳುಸುಳ್ಳೇ ಪಾಸಿಟಿವ್ ಬಂದದ್ದೂ ಒಂದು ಸುಳಿವು, ಈ ಪ್ರತಿಕಾಯಗಳು ಗುರಿಯಿಡುವ ಫಾಸ್ಫೋಲಿಪಿಡ್ ಜಾತಿಯ ಕೊಬ್ಬುಗಳಲ್ಲೊಂದಾದ ಕಾರ್ಡಿಯೋಲಿಪಿನ್ನನ್ನೇ ಆ ಪರೀಕ್ಷೆಯಲ್ಲೂ ಬಳಸುತ್ತಾರೆ.

ಪರೀಕ್ಷೆಗಳು ಮೂರು: ಲೂಪಸ್ ಆಂಟಿಕೋಆಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಆಂಟಿ ಬೀಟಾ-2 ಗ್ಲೈಕೊಪ್ರೋಟೀನ್-1. ಮೂರನ್ನೂ ಒಟ್ಟಿಗೇ ಮಾಡಿಸಬೇಕು, ಒಂದು ನೆಗೆಟಿವ್ ಬಂದಮಾತ್ರಕ್ಕೆ ಉಳಿದೆರಡು ಹಾಗೇ ಇರಬೇಕೆಂದಿಲ್ಲ. ಕೆಡುವುದು ಹೆಚ್ಚಾಗಿ ಮೊದಲನೆಯದೇ. ಹೆಪಾರಿನ್, ವಾರ್ಫರಿನ್, ರಿವರೋಕ್ಸಬಾನ್‌ನಂಥ ಹೆಪ್ಪುನಿರೋಧಕ ಔಷಧಗಳು ನಡೆಯುತ್ತಿರುವಾಗ ಮಾಡಿದರೆ ಉತ್ತರ ಕಲಸಿಹೋಗುತ್ತದೆ, ಆದ್ದರಿಂದ ಚಿಕಿತ್ಸೆ ಶುರುವಾಗುವ ಮೊದಲೇ ರಕ್ತ ತೆಗೆದಿಡುವುದು ಜಾಣತನ. ಪ್ಲಾಸ್ಮಾವನ್ನು ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ಪ್ಲೇಟ್‌ಲೆಟ್‌ಗಳನ್ನು ಬಹುತೇಕ ತೆಗೆದಿರಬೇಕು. ಇಲ್ಲದಿದ್ದರೆ ಉಳಿದ ಪ್ಲೇಟ್‌ಲೆಟ್‌ಗಳ ಫಾಸ್ಫೋಲಿಪಿಡ್ಡೇ ಪ್ರತಿಕಾಯವನ್ನು ಹೀರಿಕೊಂಡು ಸುಳ್ಳು ನೆಗೆಟಿವ್ ಬರುತ್ತದೆ. ಪಾಸಿಟಿವ್ ಬಂದರೂ ಅಲ್ಲಿಗೇ ಮುಗಿಯಲಿಲ್ಲ. ಸೋಂಕು ಬಂದು ಹೋದ ಮೇಲೆ ಈ ಪ್ರತಿಕಾಯಗಳು ಕೆಲಕಾಲ ತಲೆಯೆತ್ತಿ ಮರೆಯಾಗುತ್ತವೆ. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಿ, ಆಗಲೂ ಇದ್ದರೆ ಮಾತ್ರ ಲೆಕ್ಕಕ್ಕೆ. ಈ ಎರಡನೇ ಪರೀಕ್ಷೆಯನ್ನು ಮರೆತು ಜೀವಮಾನವಿಡೀ ಹಣೆಪಟ್ಟಿ ಹೊತ್ತವರಿದ್ದಾರೆ.

1965ರಲ್ಲಿ ಇಯಾನ್ ಸ್ನೆಡನ್ ಎಂಬ ಬ್ರಿಟಿಷ್ ಚರ್ಮವೈದ್ಯರು ಹರಿದ ಬಲೆ ಮತ್ತು ಪಾರ್ಶ್ವವಾಯು ಒಟ್ಟಿಗಿದ್ದ ಆರು ರೋಗಿಗಳನ್ನು ವರದಿ ಮಾಡಿದರು. ಸ್ನೆಡನ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು ಹಾಗೆ. ಹೆಚ್ಚಾಗಿ ಎಳೆಯ, ನಡುಹರೆಯದ ಹೆಂಗಸರಲ್ಲಿ ಕಾಣುವ ಇದರಲ್ಲಿ ಕೆಲವರಿಗೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು ಸಿಗುತ್ತವೆ, ಕೆಲವರಿಗೆ ಸಿಗುವುದಿಲ್ಲ. ಚರ್ಮದ ಗೆರೆ ಪಾರ್ಶ್ವವಾಯುವಿಗಿಂತ ವರ್ಷಗಳಷ್ಟು ಮೊದಲೇ ಬಂದಿರುತ್ತದೆ. ಅದಕ್ಕೇ ಹರಿದ ಬಲೆ ಇರುವವರಿಗೆ ರಕ್ತದೊತ್ತಡ ಅಳೆದು, ನರಗಳ ತಪಾಸಣೆ ಮಾಡಿ, ಅನುಮಾನವಿದ್ದರೆ ಮಿದುಳಿನ ಎಂಆರ್‌ಐ ಮತ್ತು ಹೃದಯದ ಎಕೋ ಮಾಡಿಸುತ್ತಾರೆ. ಕವಾಟ ದಪ್ಪಗಾಗಿರುವುದು ಎಕೋದಲ್ಲಿ ಸಿಗುವ ಸಾಮಾನ್ಯ ಸಂಗತಿ.

ವಯಸ್ಸಾದವರಲ್ಲಿ ಕಥೆ ಬೇರೆ. ಆಂಜಿಯೋಗ್ರಾಂ ಮಾಡಿಸಿ ಕೆಲವು ದಿನ ಅಥವಾ ವಾರಗಳಾಗಿವೆ, ಕಾಲ್ಬೆರಳು ನೀಲಿ, ಕಾಲಲ್ಲಿ ಬಲೆ, ಆದರೆ ಪಾದದ ನಾಡಿ ಚೆನ್ನಾಗಿ ಬಡಿಯುತ್ತಿದೆ. ಮಹಾಪಧಮನಿಯ ಗೋಡೆಯ ಕೊಬ್ಬಿನ ಪದರ ಒಡೆದು ಕೊಲೆಸ್ಟರಾಲ್ ಹರಳುಗಳು ಕೆಳಗಿನ ಸಣ್ಣ ನಾಳಗಳಲ್ಲಿ ಸಿಕ್ಕಿಬಿದ್ದಿವೆ. ದೊಡ್ಡ ನಾಳ ತೆರೆದೇ ಇರುವುದರಿಂದ ನಾಡಿ ಸಿಗುತ್ತದೆ, ಅದೇ ಮೋಸ ಮಾಡುವುದು. ಇಂಥವರಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿದರೆ, ಆಂಜಿಯೋಗ್ರಾಂಗೆ ಚುಚ್ಚಿದ ‘ಡೈಯಿಂದ ಆಗಿದೆ’ ಎಂದು ತಳ್ಳಿಹಾಕುವುದುಂಟು. ಡೈಯಿಂದಾದ ಏರಿಕೆ ಎರಡು ಮೂರು ದಿನಗಳಲ್ಲಿ ಕಂಡು, ಸಾಮಾನ್ಯವಾಗಿ ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ. ಹರಳಿನಿಂದಾದದ್ದು ವಾರಗಟ್ಟಲೆ ಮೆಟ್ಟಿಲೇರಿದಂತೆ ಏರುತ್ತಲೇ ಹೋಗುತ್ತದೆ. ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿಕಣಗಳು ಹೆಚ್ಚಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕಣ್ಣಿನ ತಜ್ಞರಿಗೆ ರೆಟಿನಾದ ನಾಳದಲ್ಲಿ ಹೊಳೆಯುವ ಚೂರೊಂದು ಸಿಗಬಹುದು.

ಡಯಾಲಿಸಿಸ್‌ನಲ್ಲಿರುವವರ ಹೊಟ್ಟೆ, ತೊಡೆಗಳ ಕೊಬ್ಬಿನ ಭಾಗದಲ್ಲಿ ಹರಿದ ಬಲೆ ಮತ್ತು ಮುಟ್ಟಲಾರದಷ್ಟು ನೋವು ಎಂದರೆ ಕ್ಯಾಲ್ಸಿಫಿಲಾಕ್ಸಿಸ್. ನಾಳದ ಗೋಡೆಯಲ್ಲಿ ಸುಣ್ಣ ಕೂತು ರಕ್ತ ನಿಲ್ಲುತ್ತದೆ, ಚರ್ಮ ಕಪ್ಪು ಹೆಕ್ಕಳೆಯಾಗುತ್ತದೆ. ಕಣ್ಣಿಗೆ ಕಾಣುವ ಗಾಯಕ್ಕಿಂತ ನೋವು ಎಷ್ಟೋ ಪಾಲು ಹೆಚ್ಚು, ಹುಣ್ಣಾಗುವ ಮೊದಲೇ ಗುರುತಿಸಲು ಇರುವ ಮುಖ್ಯ ಸುಳಿವು ಇದು. ವಾರ್ಫರಿನ್ ಇದನ್ನು ಕೆರಳಿಸುತ್ತದೆ, ನಿಲ್ಲಿಸಬೇಕು. ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಕೂಡ. ಡಯಾಲಿಸಿಸ್ ಜೊತೆ ಸೋಡಿಯಂ ಥಯೋಸಲ್ಫೇಟ್ ಕೊಡುವ ರೂಢಿಯಿದೆ, ಆದರೆ ಅದಕ್ಕಿರುವ ಆಧಾರ ಬಲವಾದದ್ದಲ್ಲ. ಹಿಮ್ಮಡಿಗಂಟಿನ ಸುತ್ತ ಮತ್ತೆ ಮತ್ತೆ ನೋವಿನ ಹುಣ್ಣು, ವಾಸಿಯಾದ ಮೇಲೆ ನಕ್ಷತ್ರದಂಥ ಬಿಳಿ ಕಲೆ ಉಳಿದರೆ ಲಿವಿಡಾಯ್ಡ್ ವ್ಯಾಸ್ಕ್ಯುಲೋಪತಿ. ಇದು ಬಹುಮಟ್ಟಿಗೆ ಹೆಪ್ಪಿನ ಕಾಯಿಲೆ, ಉರಿಯೂತದ್ದಲ್ಲ. ಸ್ಟೀರಾಯ್ಡ್ ಕೊಟ್ಟು ತಿಂಗಳುಗಳನ್ನು ಕಳೆದುಬಿಟ್ಟ ಕೇಸುಗಳು ಹೆಪ್ಪುನಿರೋಧಕಕ್ಕೆ ಒಗ್ಗುತ್ತವೆ.

ಬಲೆಯ ಜೊತೆ ಕಾಲಲ್ಲಿ ನೋಯುವ ಗಂಟುಗಳು, ತೂಕ ಇಳಿಕೆ, ಪಾದ ಇದ್ದಕ್ಕಿದ್ದಂತೆ ಜೋತುಬೀಳುವುದು, ಏರಿದ ರಕ್ತದೊತ್ತಡ ಇದ್ದರೆ ಅಪಧಮನಿಗಳ ಉರಿಯೂತವಾದ ಪಾಲಿಆರ್ಟರೈಟಿಸ್ ನೋಡೋಸಾ ಹುಡುಕಬೇಕು, ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಬೇಕು. ಇದೇ ಚಿತ್ರ ಮಗುವಿನಲ್ಲಿ ಪಾರ್ಶ್ವವಾಯುವಿನೊಂದಿಗೆ ಬಂದರೆ 2014ರಲ್ಲಿ ಗುರುತಿಸಲಾದ ಎಡಿಎ2 ಕಿಣ್ವದ ಕೊರತೆ ಇರಬಹುದು. ಅಲ್ಲಿ ಆಸ್ಪಿರಿನ್, ಹೆಪ್ಪುನಿರೋಧಕಗಳು ಮಿದುಳಿನ ರಕ್ತಸ್ರಾವದ ಭಯದಿಂದ ದೂರ, ಉರಿಯೂತ ಹೊತ್ತಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದೇ ಮದ್ದು. ದೇಹದ ರಕ್ಷಣಾಪಡೆ ತನ್ನ ಅಂಗಗಳ ಮೇಲೇ ಬೀಳುವ ಲೂಪಸ್, ರಕ್ತ ದಪ್ಪವಾಗುವ ಪಾಲಿಸೈಥೀಮಿಯಾ ಇವೆಲ್ಲ ಸಾಮಾನ್ಯ ರಕ್ತಪರೀಕ್ಷೆ, ಲೂಪಸ್ ಸುಳಿವಿನ ಪ್ರತಿಕಾಯ ಹುಡುಕುವ ಎಎನ್‌ಎ, ಮೂತ್ರಪರೀಕ್ಷೆಗಳಲ್ಲೇ ಸುಳಿವು ಕೊಡುತ್ತವೆ.

ಕ್ರಯೋಗ್ಲಾಬ್ಯುಲಿನ್ ಪರೀಕ್ಷೆಗೆ ಮಾತ್ರ ಎರಡು ಮಾತು ಬೇಕು, ಇಷ್ಟು ಸುಲಭವಾಗಿ ಕೆಡುವ ಪರೀಕ್ಷೆ ಅಪರೂಪ. ಚಳಿಗೆ ಮೊಸರಿನಂತೆ ಗಟ್ಟಿಯಾಗುವ ಈ ಪ್ರೋಟೀನು ಹೆಪಟೈಟಿಸ್ ಸಿ ಇದ್ದವರಲ್ಲಿ ಹೆಚ್ಚು. ಸಿರಿಂಜು, ಟ್ಯೂಬು ಮೊದಲೇ 37 ಡಿಗ್ರಿಗೆ ಬೆಚ್ಚಗಾಗಿರಬೇಕು, ರಕ್ತ ಹೆಪ್ಪುಗಟ್ಟುವುದೂ ಸೀರಂ ಬೇರ್ಪಡಿಸುವುದೂ ಅದೇ ಶಾಖದಲ್ಲಿ ನಡೆಯಬೇಕು. ಆಮೇಲಷ್ಟೇ ಸೀರಂ 4 ಡಿಗ್ರಿಯಲ್ಲಿ ಏಳು ದಿನದವರೆಗೆ ಕೂರಬೇಕು. ಎಲ್ಲ ಟ್ಯೂಬುಗಳ ಜೊತೆ ಟ್ರೇಯಲ್ಲಿಟ್ಟು ತಣ್ಣಗೆ ಕಳಿಸಿದರೆ ಪ್ರೋಟೀನು ಹೆಪ್ಪಿನೊಂದಿಗೇ ತಳ ಸೇರುತ್ತದೆ, ವರದಿ ‘ನೆಗೆಟಿವ್’ ಎನ್ನುತ್ತದೆ.

ಬಯಾಪ್ಸಿಗೆ ಜಾಗ ಆರಿಸುವಾಗ ಹಿಂದೆ ಹೇಳಿದ ಕೊಡೆಯನ್ನು ನೆನೆಯಿರಿ. ಹುಣ್ಣಿಲ್ಲದ ಹರಿದ ಬಲೆಯಲ್ಲಿ ಕಣ್ಣಿನ ನಡುವಿನ ಬಿಳಿಚಿದ ಜಾಗದಿಂದ, ಕೊಬ್ಬಿನ ಪದರ ಸಿಗುವಷ್ಟು ಆಳವಾಗಿ ತೆಗೆಯಬೇಕು. ನೇರಳೆ ಗೆರೆಯಿಂದ ಮೇಲುಮೇಲೆ ಕೆರೆದು ತೆಗೆದರೆ ಹಿಗ್ಗಿದ ಅಭಿಧಮನಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಒಂದೇ ತುಂಡು ಸಾಲದು ಕೂಡ. ಸ್ನೆಡನ್ ಸಿಂಡ್ರೋಮಿನಲ್ಲಿ ಬಿಳಿ ಜಾಗದಿಂದ 4 ಮಿ.ಮೀ. ಅಗಲದ ದುಂಡನೆಯ ತುಂಡು (ಪಂಚ್) ತೆಗೆದ ಅಧ್ಯಯನದಲ್ಲಿ ಒಂದು ತುಂಡಿನಿಂದ ಶೇ. 27, ಎರಡರಿಂದ ಶೇ. 53, ಮೂರರಿಂದ ಶೇ. 80ರಷ್ಟು ರೋಗ ಪತ್ತೆಯಾಯಿತು. ಒಂದು ಬಯಾಪ್ಸಿ ‘ಸಹಜ’ ಎಂದು ಬಂದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಕ್ಯಾಲ್ಸಿಫಿಲಾಕ್ಸಿಸ್‌ನಲ್ಲಿ ಮಾತ್ರ ಕೊಯ್ದ ಗಾಯವೇ ಹುಣ್ಣಾಗಿ ಬೆಳೆಯಬಹುದಾದ್ದರಿಂದ ಚಿತ್ರ ಸ್ಪಷ್ಟವಿದ್ದಲ್ಲಿ ಬಯಾಪ್ಸಿ ಇಲ್ಲದೆಯೇ ಮುಂದುವರಿಯುವವರೂ ಇದ್ದಾರೆ.

ಹಸುಗೂಸುಗಳ ಬಲೆ ಬಹುಪಾಲು ನಿರಪಾಯಕಾರಿ. ಬಟ್ಟೆ ಬಿಚ್ಚಿದೊಡನೆ ಮೂಡಿ, ಹೊದಿಸಿ ಎತ್ತಿಕೊಂಡರೆ ಹೋಗುತ್ತದೆ, ತಿಂಗಳುಗಳು ಕಳೆದಂತೆ ನಿಲ್ಲುತ್ತದೆ. ಬೆಚ್ಚಗಾದರೂ ಹೋಗದ, ಹುಟ್ಟಿನಿಂದಲೇ ಒಂದು ಕೈಗೋ ಕಾಲಿಗೋ ಅಂಟಿಕೊಂಡ, ತಗ್ಗುಬಿದ್ದ ಗೆರೆಗಳಿದ್ದರೆ ಅದು ಬೇರೆ. 1922ರಲ್ಲಿ ವಾನ್ ಲೊಹೂಯ್ಜೆನ್ ವಿವರಿಸಿದ ಜನ್ಮಜಾತ ಸ್ಥಿತಿ. ಇದೂ ಸಾಮಾನ್ಯವಾಗಿ ಮೊದಲ ಕೆಲವು ವರ್ಷಗಳಲ್ಲಿ ಮಾಸುತ್ತದೆ, ಆದರೆ ಎರಡೂ ಕಾಲುಗಳ ಉದ್ದ, ಸುತ್ತಳತೆ ಅಳೆದಿಡಬೇಕು, ಮುಖದ ಮೇಲಿದ್ದರೆ ಕಣ್ಣಿನ ಒತ್ತಡ ನೋಡಿಸಬೇಕು. ಜ್ವರ ಬಂದು ಮಂಕಾಗಿ, ಹಾಲು ಬಿಟ್ಟು, ಕೈಕಾಲು ತಣ್ಣಗಾಗಿ ಮೈಯೆಲ್ಲ ಬಲೆ ಎದ್ದ ಮಗುವಿನ ವಿಷಯದಲ್ಲಿ ಕಂಬಳಿ ಹೊದಿಸಿ ಕಾಯುವ ಪರೀಕ್ಷೆ ಬೇಡ. ಅದು ರಕ್ತದ ಸೋಂಕಿನ ಚಿತ್ರ. ದೊಡ್ಡವರಲ್ಲೂ ರಕ್ತದೊತ್ತಡ ಕುಸಿದ ಆಘಾತಸ್ಥಿತಿಯ (ಶಾಕ್) ಬಲೆ ಮೊಣಕಾಲ ಚಿಪ್ಪಿನ ಮೇಲೆ ಮೊದಲು ಮೂಡಿ ಹೊರಕ್ಕೆ ಹರಡುತ್ತದೆ, ಹರಡಿದಷ್ಟೂ ಅಪಾಯ ಹೆಚ್ಚು.

ಚಿಕಿತ್ಸೆ ಬಲೆಗಲ್ಲ, ಕಾರಣಕ್ಕೆ. ಕಾರಣ ಸಿಗದ, ಹರಿಯದ, ನೋಯದ ಬಲೆಗೆ ಮೈ ಬೆಚ್ಚಗಿಟ್ಟುಕೊಳ್ಳುವುದು, ಸಿಗರೇಟು ಬಿಡುವುದು ಸಾಕು. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮಿನಲ್ಲಿ ಹೆಪ್ಪುಗಟ್ಟಿದ್ದರೆ ವಾರ್ಫರಿನ್, ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ. ಮೂರೂ ಪರೀಕ್ಷೆ ಪಾಸಿಟಿವ್ ಇದ್ದವರಿಗೆ ರಿವರೋಕ್ಸಬಾನ್ ಕೊಟ್ಟು ನೋಡಿದ ಪ್ರಯೋಗವನ್ನು ಹೆಪ್ಪುಗಳು ಹೆಚ್ಚಾದವೆಂದು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು, ಆದ್ದರಿಂದ ‘ಐಎನ್‌ಆರ್ ತಲೆನೋವಿಲ್ಲದ ಹೊಸ ಮಾತ್ರೆ’ ಇವರಿಗೆ ಸಲ್ಲದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಯೂ ಸಲ್ಲದು. ಇಷ್ಟೆಲ್ಲ ಆದ ಮೇಲೂ, ರಕ್ತ ತೆಳುವಾದ ಮೇಲೂ, ಚರ್ಮದ ಗೆರೆ ಹಾಗೇ ಉಳಿಯುವುದು ಸಾಮಾನ್ಯ. ಅದನ್ನು ನೋಡಿ ಮದ್ದು ಕೆಲಸ ಮಾಡುತ್ತಿಲ್ಲವೆಂದು ಮಾತ್ರೆ ಬಿಡುವವರಿದ್ದಾರೆ. ಮದ್ದಿನ ಅಳತೆ ಐಎನ್‌ಆರ್ ಚೀಟಿಯಲ್ಲಿರುತ್ತದೆ, ಕಾಲಿನ ಮೇಲಲ್ಲ.